ಪರ್ಸ್ ಹೋಯ್ತು, ಊರಿಗೆ ಹೋಗೋಕೆ ದುಡ್ಡಿಲ್ಲ ಅಂದವರಿಗೆ ಕೊಡಬೇಕಾ?

ಪ್ರಶ್ನೆ: ಸಾರ್, ನಾನು ತುಮಕೂರಿನವನು. ಬೆಂಗಳೂರಿನಲ್ಲಿ ಕೆಲಸ, ಶನಿವಾರ ಊರಿಗೆ ಹೋಗುತ್ತೇನೆ. ಹೋದ ತಿಂಗಳು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಐವತ್ತರ ಆಸುಪಾಸಿನ ಒಬ್ಬರು ಬಂದು, ‘ತುಮಕೂರು ಬಸ್ ಇಲ್ಲೇ ನಿಲ್ಲುತ್ತಾ?’ ಅಂತ ಕೇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೊತೆಗೆ ಹೆಂಡತಿ, ಒಂದು ಬಟ್ಟೆ ಬ್ಯಾಗು. ಮಾತಾಡ್ತಾ ಮಾತಾಡ್ತಾ ವಿಷಯ ಹೇಳಿದರು. ವಿಜಯಪುರದವರಂತೆ. ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಲು ಬಂದಿದ್ದರಂತೆ. ಸಿಟಿ ಬಸ್ಸಿನಲ್ಲಿ ಪರ್ಸ್ ಪಿಕ್‌ಪಾಕೆಟ್ ಆಯಿತಂತೆ. ‘ಇಬ್ಬರಿಗೂ ಸೇರಿ 1,340 ರೂಪಾಯಿ ಇದ್ದರೆ ಸಾಕು, ನಾಳೆ ಬೆಳಿಗ್ಗೆ ವಾಪಸ್ ಹಾಕ್ತೀನಿ’ ಅಂದರು. ಆ ಹೆಂಗಸು ತಲೆ ಎತ್ತಲಿಲ್ಲ. ನಾನು ಅವರ ಫೋನ್‌ಪೇಗೆ 1,500 ಹಾಕಿದೆ. ದುಡ್ಡು ಬರಲಿಲ್ಲ, ಫೋನ್ ಮಾಡಿದರೆ ಸ್ವಿಚ್ ಆಫ್. ಮೊನ್ನೆ ಅದೇ ಜಾಗದಲ್ಲಿ ಅದೇ ದಂಪತಿ, ಬೇರೊಬ್ಬ ಹುಡುಗನಿಗೆ ಅದೇ ಕಥೆ ಹೇಳುತ್ತಿದ್ದರು! ನನಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಹೆಂಡತಿ ‘ಕೊಟ್ಟವನು ಕೋಡಂಗಿ’ ಅಂತ ದಿನಾ ನಗುತ್ತಾಳೆ. ಇಂಥವರನ್ನು ಗುರುತಿಸೋದು ಹೇಗೆ? ಇನ್ನು ಮೇಲೆ ಯಾರಿಗೂ ಕೊಡಲೇಬಾರದಾ? ದೂರು ಕೊಟ್ಟರೆ ಪ್ರಯೋಜನ ಇದೆಯಾ?

ಉತ್ತರ: ಮೊದಲು ನೀವೇ ಬರೆದಿರುವ ಪತ್ರವನ್ನು ಇನ್ನೊಂದು ಸಲ ಓದಿ. ಅದರಲ್ಲೇ ಎರಡು ತೂತುಗಳಿವೆ.

ಒಂದು, ಅವರ ಹತ್ತಿರ ಫೋನ್ ಇದೆ, ಫೋನಿನಲ್ಲಿ ಫೋನ್‌ಪೇ ಇದೆ. ನೀವು ಹಾಕಿದ ದುಡ್ಡು ಅವರ ಖಾತೆಗೆ ಬಂದು ಬೀಳುತ್ತೆ ಅಂದಮೇಲೆ ಊರಲ್ಲಿರುವ ಅಣ್ಣನೋ, ಭಾವನೋ, ಪಕ್ಕದ ಮನೆಯವರೋ ಹಾಕಿದರೂ ಬೀಳುತ್ತೆ ಅಲ್ವಾ? ಒಂದು ಫೋನ್ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಅಪರಿಚಿತರ ಮುಂದೆ ಕೈಚಾಚುವ ಪ್ರಶ್ನೆಯೇ ಬರುತ್ತಿರಲಿಲ್ಲ. ಎರಡು, ಇಬ್ಬರಿಗೂ ಸೇರಿ ಬಸ್ ಚಾರ್ಜ್ ಕೇಳಿದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಆಯಮ್ಮ ವಿಜಯಪುರದವರೇ ಆಗಿದ್ದರೆ ಅವರದ್ದು ಶೂನ್ಯ ಟಿಕೆಟ್. ಐಷಾರಾಮಿ ಬಸ್ಸಿನಲ್ಲೇ ಹೋಗಬೇಕು ಅನ್ನುವ ಹಟ, ಪರ್ಸ್ ಕಳೆದುಕೊಂಡವರಿಗೆ ಇರಲ್ಲ.

ಇದನ್ನು ನಿಮ್ಮನ್ನು ಹಂಗಿಸೋಕೆ ಹೇಳುತ್ತಿಲ್ಲ. ಮನೆಯಲ್ಲಿ ಕೂತು, ಚಹಾ ಕುಡಿಯುತ್ತಾ ಓದುವಾಗ ಈ ತೂತುಗಳು ಎಲ್ಲರಿಗೂ ಕಾಣುತ್ತವೆ. ಬಸ್ಸಿನ ಗಲಾಟೆಯಲ್ಲಿ, ಎದುರಿಗೆ ಅಪ್ಪನ ವಯಸ್ಸಿನವರು ಕಣ್ಣು ತುಂಬಿಕೊಂಡು ನಿಂತಿರುವಾಗ ಕಾಣಲ್ಲ. ಹಾಗಂತ ಅಲ್ಲೇ ಕೇಳಿದ್ದರೂ ಅವರು ಸಿಕ್ಕಿಬೀಳುತ್ತಿದ್ದರು ಅಂತ ತಿಳಿಯಬೇಡಿ. ‘ಆಧಾರ್ ಕಾರ್ಡು ಪರ್ಸಿನಲ್ಲೇ ಇತ್ತು ಸಾರ್, ಕಂಡಕ್ಟರ್ ಹತ್ತಿಸಿಕೊಳ್ಳಲ್ಲ’ ಅನ್ನುತ್ತಿದ್ದರು. ‘ಅಣ್ಣನ ಹತ್ತಿರ ಬರೀ ಬೇಸಿಕ್ ಸೆಟ್ ಇದೆ’ ಅನ್ನುತ್ತಿದ್ದರು. ದಿನಕ್ಕೆ ಹತ್ತಾರು ಜನರ ಮುಂದೆ ಅದೇ ಮಾತು ಹೇಳುವವರಿಗೆ ನೀವು ಕೇಳುವ ಪ್ರಶ್ನೆ ಹೊಸದಲ್ಲ. ಉತ್ತರ ನಾಲಿಗೆ ತುದಿಯಲ್ಲೇ ಇರುತ್ತೆ.

ಹಾಗಾಗಿ ‘ಗುರುತಿಸೋದು ಹೇಗೆ’ ಅನ್ನುವ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಸ್ವಲ್ಪ ನಿರಾಸೆ ತರಬಹುದು. ಮುಖ ನೋಡಿ ಗುರುತಿಸೋಕೆ ಆಗಲ್ಲ. ನಾನು ರೈಲ್ವೆ ಪೊಲೀಸ್‌ನಲ್ಲಿ ಇದ್ದು ನಿವೃತ್ತನಾದವನು. ಪ್ಲಾಟ್‌ಫಾರಂ ಮೇಲಿನ ಸುಳ್ಳು, ನಿಜ ಎರಡನ್ನೂ ಬೇಕಾದಷ್ಟು ಕೇಳಿದ್ದೇನೆ. ಆದರೂ ಹೇಳುತ್ತೇನೆ, ಕಣ್ಣು ನೋಡಿ, ಬೆವರು ನೋಡಿ ಸುಳ್ಳು ಹಿಡಿಯುತ್ತೇನೆ ಅನ್ನುವವರನ್ನು ನಂಬಬೇಡಿ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಈ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ನೂರಾರು ಪ್ರಯೋಗಗಳನ್ನು ಒಟ್ಟುಹಾಕಿ 2006ರಲ್ಲಿ ಲೆಕ್ಕ ಕೊಟ್ಟರು. ಬರೀ ನೋಡಿ, ಕೇಳಿ ಇದು ಸುಳ್ಳೋ ನಿಜವೋ ಅಂತ ಹೇಳುವಾಗ ಜನ ಸರಿಯಾಗುವುದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿ ಬರುತ್ತೆ! ಅನುಭವ ಇರುವ ಅಧಿಕಾರಿಗಳೂ ಇದರಲ್ಲಿ ಮಾಮೂಲಿ ಜನಕ್ಕಿಂತ ಮೇಲಲ್ಲ ಅಂತ ಅದೇ ಲೆಕ್ಕ ಹೇಳುತ್ತೆ. ಇಲಾಖೆಯವನಾಗಿ ಇದನ್ನು ಒಪ್ಪಿಕೊಳ್ಳೋಕೆ ಸ್ವಲ್ಪ ಕಷ್ಟವೇ.

ಇನ್ನೊಂದು ಮಾತಿದೆ. ನಿಜವಾಗಿ ಪರ್ಸ್ ಕಳೆದುಕೊಂಡವರ ಮಾತು ಸಾಮಾನ್ಯವಾಗಿ ನೆಟ್ಟಗಿರಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ ಹೇಳುತ್ತಾರೆ. ಎಲ್ಲಿ ಇಳಿದೆವು ಅನ್ನೋದೇ ಮರೆತಿರುತ್ತೆ. ಗಂಡ ಒಂದು ಹೇಳಿದರೆ ಹೆಂಡತಿ ‘ಅಲ್ಲ ರೀ, ಅಲ್ಲಿ ಅಲ್ಲ’ ಅಂತ ತಿದ್ದುತ್ತಾಳೆ. ಠಾಣೆಗೆ ಬಂದು ದೂರು ಕೊಡುವವರನ್ನು ನೋಡಿ, ಅರ್ಧ ಗಂಟೆ ಆದರೂ ವಿಷಯ ಒಂದು ದಾರಿಗೆ ಬರಲ್ಲ. ಮೋಸವನ್ನೇ ಕಸುಬು ಮಾಡಿಕೊಂಡವರ ಕಥೆಗೆ ಮೊದಲು, ನಡು, ಕೊನೆ ಎಲ್ಲಾ ಇರುತ್ತೆ, ಕೊನೆಗೆ ಬಿಲ್ ಮೊತ್ತವೂ ಇರುತ್ತೆ. ನಾವು ನೆಟ್ಟಗಿರೋ ಕಥೆಯನ್ನು ನಂಬಿ, ತಡಬಡಾಯಿಸಿದವರನ್ನು ಅನುಮಾನಿಸುತ್ತೇವೆ. ಲೆಕ್ಕ ಉಲ್ಟಾ.

ಆ ಬಿಲ್ ಮೊತ್ತದ ಬಗ್ಗೆ ಎರಡು ಮಾತು. ನಿಮ್ಮವರು ‘ಏನಾದರೂ ಕೊಡಿ’ ಅನ್ನಲಿಲ್ಲ, ‘1,340’ ಅಂದರು. ಹೀಗೆ ಇಷ್ಟೇ ಅಂತ ಕರಾರುವಾಕ್ಕಾಗಿ ಹೇಳಿದ ಮೊತ್ತಕ್ಕೆ ಒಂದು ತೂಕ ಬರುತ್ತೆ. ಏನೋ ಲೆಕ್ಕ ಹಾಕಿಯೇ ಕೇಳುತ್ತಿದ್ದಾರೆ ಅನ್ನಿಸುತ್ತೆ. 1994ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಬೀದಿಯಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ‘ಚಿಲ್ಲರೆ ಇದೆಯಾ’, ‘25 ಸೆಂಟ್ ಇದೆಯಾ’ ಅಂತ ಕೇಳಿದ್ದಕ್ಕಿಂತ ‘17 ಸೆಂಟ್ ಇದೆಯಾ’, ‘37 ಸೆಂಟ್ ಇದೆಯಾ’ ಅಂತ ಕೇಳಿದಾಗ ಕೊಟ್ಟವರು ಜಾಸ್ತಿ. ಕೇಳಿದ ತಕ್ಷಣ ‘ಇಲ್ಲಪ್ಪ, ಮುಂದೆ ಹೋಗು’ ಅನ್ನುವ ಅಭ್ಯಾಸದ ಉತ್ತರ ಅಲ್ಲಿ ಬಾಯಿಗೆ ಬರಲ್ಲ. ಯಾಕೆ 17 ಅಂತ ಮನಸ್ಸು ಒಂದು ಕ್ಷಣ ನಿಲ್ಲುತ್ತೆ. ನಿಂತರೆ ಅವರ ಅರ್ಧ ಕೆಲಸ ಆದಂತೆ.

ಅದಕ್ಕೂ ಮೊದಲು ಅವರು ‘ತುಮಕೂರು ಬಸ್ ಇಲ್ಲೇ ನಿಲ್ಲುತ್ತಾ’ ಅಂತ ಕೇಳಿದ್ದು ನೆನಪಿದೆಯಾ? ವಿಜಯಪುರಕ್ಕೆ ಹೋಗುವವರಿಗೆ ತುಮಕೂರು ಬಸ್ ಯಾಕೆ? ಅದು ಬರೀ ನಿಮ್ಮ ಬಾಯಿ ಬಿಡಿಸೋಕೆ. ಸಣ್ಣದೊಂದು ಉಪಕಾರ ಮಾಡಿದವರು ದೊಡ್ಡದಕ್ಕೂ ಬೇಗ ಒಪ್ಪುತ್ತಾರೆ ಅನ್ನೋದನ್ನು ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಇಬ್ಬರು 1966ರಲ್ಲೇ ತೋರಿಸಿದ್ದಾರೆ. ಮೆಜೆಸ್ಟಿಕ್‌ನವರು ಅದನ್ನೆಲ್ಲ ಓದಿಲ್ಲ, ಕೆಲಸ ಮಾಡ್ತಾ ಕಲಿತಿದ್ದಾರೆ. ‘ನಾಳೆ ವಾಪಸ್ ಹಾಕ್ತೀನಿ’ ಅನ್ನೋದೂ ಹಾಗೇ. ಭಿಕ್ಷೆ ಅಂದರೆ ಹತ್ತು ರೂಪಾಯಿ, ಸಾಲ ಅಂದರೆ ಸಾವಿರ. ಬೇಡುವವನ ಮರ್ಯಾದೆಯೂ ಉಳಿಯಿತು, ಕೊಡುವವನ ಜೇಬೂ ಬಿಚ್ಚಿತು.

ಹಾಗಾದರೆ ಏನು ಮಾಡಬೇಕು? ಮನುಷ್ಯನನ್ನು ಅಳೆಯೋಕೆ ಹೋಗಬೇಡಿ. ಅವನು ಏನು ಕೇಳುತ್ತಿದ್ದಾನೆ ಅನ್ನೋದನ್ನಷ್ಟೇ ನೋಡಿ. ಕಷ್ಟ ಏನು ಅಂತ ಹೇಳಿದರೋ, ಆ ಕಷ್ಟಕ್ಕೆ ನೇರವಾಗಿ ಸಹಾಯ ಮಾಡಿ. ನಗದು ಮಾತ್ರ ಕೈಗೆ ಕೊಡಬೇಡಿ. ಇದಕ್ಕೆ ಸುಳ್ಳು ಹಿಡಿಯುವ ವಿದ್ಯೆ ಬೇಡ, ಪ್ರಶ್ನೆ ಕೇಳಿ ಅವಮಾನ ಮಾಡೋದೂ ಬೇಡ. ಕಥೆ ನಿಜವಾಗಿದ್ದರೆ ಅವರ ಕೆಲಸ ಆಗುತ್ತೆ. ಸುಳ್ಳಾಗಿದ್ದರೆ ಅವರೇ ಜಾಗ ಖಾಲಿ ಮಾಡುತ್ತಾರೆ. ಇದೇನು ಹೊಸ ಉಪಾಯವಲ್ಲ. 1818ರಲ್ಲಿ ಲಂಡನ್‌ನಲ್ಲಿ ಇದಕ್ಕಾಗಿಯೇ ಒಂದು ಸಂಘ ಶುರುವಾಗಿತ್ತು. ಸದಸ್ಯರು ಬೇಡುವವರಿಗೆ ಕಾಸಿನ ಬದಲು ಒಂದು ಚೀಟಿ ಕೊಡುತ್ತಿದ್ದರು. ಚೀಟಿ ತಂದವರಿಗೆ ಸಂಘದ ಕಚೇರಿಯಲ್ಲಿ ಊಟ, ವಿಚಾರಣೆ ಎರಡೂ ಸಿಗುತ್ತಿತ್ತು.

ನಮ್ಮ ಬಸ್ ಸ್ಟ್ಯಾಂಡಿಗೆ ಬನ್ನಿ. ಊರಿಗೆ ಹೋಗಬೇಕು ಅಂದರೆ, ‘ಬನ್ನಿ ಅಣ್ಣಾ, ಬಸ್ಸಿನ ಹತ್ತಿರ ಹೋಗೋಣ, ಕಂಡಕ್ಟರ್‌ಗೆ ನಾನೇ ದುಡ್ಡು ಕೊಡ್ತೀನಿ’ ಅನ್ನಿ. ಸಾಮಾನ್ಯ ಬಸ್ಸಿನಲ್ಲಿ ಕಂಡಕ್ಟರ್ ಮಷಿನ್‌ನಿಂದ ಟಿಕೆಟ್ ಕೊಟ್ಟಮೇಲೆ ಅದು ವಾಪಸ್ ಆಗಲ್ಲ. ಬಸ್ ಬರುವುದು ತಡ ಇದ್ದರೆ ನಿಲ್ದಾಣದಲ್ಲಿ ಸಾರಿಗೆ ನಿಯಂತ್ರಕರ ಕೌಂಟರ್ ಇರುತ್ತೆ, ಅಲ್ಲಿಗೆ ಕರೆದುಕೊಂಡು ಹೋಗಿ ವಿಷಯ ಹೇಳಿ. ರೈಲಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಜನರಲ್ ಟಿಕೆಟ್ ತೆಗೆದು ಕೈಗೆ ಕೊಟ್ಟು ನೀವು ಹೊರಟರೆ, ಅದನ್ನು ಅದೇ ಕೌಂಟರ್‌ನಲ್ಲಿ ರದ್ದು ಮಾಡಿಸಬಹುದು. ಸ್ವಲ್ಪ ಹಣ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ಟಿಕೆಟ್ ತೆಗೆಸಿಕೊಂಡು ರದ್ದು ಮಾಡಿಸುವವರಿಗೆ ಅಷ್ಟು ಮುರಿದರೂ ನಷ್ಟವಿಲ್ಲ. ಕೌಂಟರ್‌ನಲ್ಲಿ ಬೆಲೆ ಕೇಳಿದರೆ ಇನ್ನೊಂದು ವಿಷಯವೂ ಗೊತ್ತಾಗುತ್ತೆ. ಜನರಲ್ ಬೋಗಿಯ ಚಾರ್ಜ್, ಅವರು ಕೇಳಿದ ಮೊತ್ತಕ್ಕಿಂತ ಎಷ್ಟೋ ಕಡಿಮೆ ಇರುತ್ತೆ.

ಹಸಿವು ಅಂದರೆ ಊಟ ಕೊಡಿಸಿ. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದಾಗಿನಿಂದ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಅಂತ ಎಲ್ಲರಿಗೂ ಗೊತ್ತು. ಹತ್ತಿರ ಇಲ್ಲದಿದ್ದರೆ ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ ಕೊಡಿಸಿ, ನಿಂತು ತಿನ್ನುವವರೆಗೆ ಇರಿ. ಎಷ್ಟೋ ಜನ ನಿಜವಾಗಿ ಗಬಗಬ ತಿನ್ನುತ್ತಾರೆ. ಅದನ್ನು ನೋಡಿದರೆ ನಿಮ್ಮ 1,500ರ ಸಿಟ್ಟು ಸ್ವಲ್ಪ ಇಳಿಯಬಹುದು.

ಮಗುವಿಗೆ ಹಾಲಿನ ಪುಡಿ ಕೇಳುವವರ ವಿಷಯ ಬೇರೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ದುಡ್ಡು ಬೇಡಮ್ಮಾ, ಮಗುಗೆ ಒಂದು ಡಬ್ಬ ಹಾಲಿನ ಪುಡಿ ಕೊಡಿಸಿ’ ಅಂತಾರೆ. ದುಡ್ಡು ಬೇಡ ಅಂದಮೇಲೆ ಸುಳ್ಳೆಲ್ಲಿ ಅಂತ ನಾವು ಕರಗಿಹೋಗುತ್ತೇವೆ. ಅಂಗಡಿಯನ್ನೂ ಅವರೇ ತೋರಿಸುತ್ತಾರೆ, ಡಬ್ಬವನ್ನೂ ಅವರೇ ಹೇಳುತ್ತಾರೆ, ಅದು ಇರುವುದರಲ್ಲೇ ದೊಡ್ಡದು. ನೀವು ಬಿಲ್ ಕಟ್ಟಿ ಬೀದಿ ತಿರುವು ದಾಟುವಷ್ಟರಲ್ಲಿ ಡಬ್ಬ ಮತ್ತೆ ಅಂಗಡಿಯ ಕಪಾಟಿಗೆ ಹೋಗಿರುತ್ತೆ. ಅಂಗಡಿಯವನು ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ನಗದು ಕೊಡುತ್ತಾನೆ. ಸಂಜೆಯವರೆಗೆ ಅದೇ ಡಬ್ಬ ಎಷ್ಟು ಸಲ ಮಾರಾಟವಾಗುತ್ತೋ! ಇದಕ್ಕೆ ಮದ್ದು ಸುಲಭ. ಅಂಗಡಿ ನೀವು ಆರಿಸಿ. ಕೊಂಡಮೇಲೆ ಡಬ್ಬದ ಮುಚ್ಚಳ ತೆಗೆದು, ಒಳಗಿನ ಸೀಲ್ ಹರಿದು ಕೊಡಿ. ಮಗುವಿಗೇ ಬೇಕಾಗಿದ್ದರೆ ಹರಿದ ಸೀಲಿನಿಂದ ಯಾವ ತೊಂದರೆಯೂ ಇಲ್ಲ. ಮುಖ ಸಪ್ಪಗಾದರೆ ಗೊತ್ತಾಯಿತಲ್ಲ.

ಆಸ್ಪತ್ರೆ ಕಥೆಗಳು ಎಲ್ಲಕ್ಕಿಂತ ಕಷ್ಟ. ಕಿದ್ವಾಯಿ, ನಿಮ್ಹಾನ್ಸ್, ಜಯದೇವ, ವಿಕ್ಟೋರಿಯಾ ಸುತ್ತಮುತ್ತ ನಿಜವಾಗಿ ಕಂಗೆಟ್ಟವರು ದಿನಾ ಇರುತ್ತಾರೆ. ಅವರ ನಡುವೆಯೇ ಬೇರೆಯವರೂ ಇರುತ್ತಾರೆ. ಡಾಕ್ಟರ್ ಚೀಟಿ ತೋರಿಸಿದರೆ ತಾರೀಖು ನೋಡಿ. ಮಡಿಕೆ ಮಡಿಕೆಯಲ್ಲಿ ಹರಿದು ಟೇಪ್ ಹಚ್ಚಿದ, ಪ್ಲಾಸ್ಟಿಕ್ ಕವರ್‌ನಲ್ಲಿ ಜೋಪಾನ ಮಾಡಿದ ಚೀಟಿ ಎಷ್ಟೋ ಸಲ ಹಳೆಯದು. ರೋಗಿಯ ವಯಸ್ಸು ಒಂದು ಬರೆದಿರುತ್ತೆ, ಹೇಳುವ ವಯಸ್ಸು ಇನ್ನೊಂದು. ಚೀಟಿ ನೋಡೋದಕ್ಕಿಂತ ಒಂದು ಸುಲಭದ ಮಾತಿದೆ: ‘ಐಪಿ ನಂಬರ್ ಹೇಳಿ, ಬಿಲ್ಲಿಂಗ್ ಕೌಂಟರ್‌ನಲ್ಲಿ ನಾನೇ ಕಟ್ಟುತ್ತೇನೆ.’ ಒಳರೋಗಿಯಾಗಿ ಸೇರಿಸಿದವರಿಗೆಲ್ಲ ಒಂದು ನಂಬರ್ ಇರುತ್ತೆ, ಜೊತೆಗಿರುವವರ ಪಾಸಿನಲ್ಲೋ ಫೈಲಿನಲ್ಲೋ ಬರೆದಿರುತ್ತೆ. ಆಸ್ಪತ್ರೆಯಲ್ಲಿ ರಾತ್ರಿ ಕಳೆದವರಿಗೆ ಆ ನಂಬರ್ ಬಾಯಿಪಾಠ. ಇನ್ನೊಂದು ವಿಷಯ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅನ್ನುವ ಸಿಬ್ಬಂದಿ ಇರುತ್ತಾರೆ. ಹಳ್ಳಿಯಿಂದ ಬಂದ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ಅವರನ್ನು ಆರೋಗ್ಯಮಿತ್ರರ ಮೇಜಿನ ತನಕ ಕರೆದುಕೊಂಡು ಹೋಗಿ ಬಿಡೋದು, ನೀವು ಕೊಡುವ ಐನೂರಕ್ಕಿಂತ ದೊಡ್ಡ ಸಹಾಯ.

ಯಾರಾದರೂ ‘ಮನೆಗೆ ಒಂದು ಫೋನ್ ಮಾಡಬೇಕು’ ಅಂದರೆ ನನಗೆ ನಂಬಿಕೆ ಜಾಸ್ತಿ. ನಿಜವಾಗಿ ಸಿಕ್ಕಿಹಾಕಿಕೊಂಡವರಿಗೆ ಮೊದಲು ಹೊಳೆಯೋದು ತಮ್ಮವರು. ಆದರೆ ಫೋನ್ ಕೈಗೆ ಕೊಡಬೇಡಿ. ನಂಬರ್ ಕೇಳಿ ನೀವೇ ಒತ್ತಿ, ಸ್ಪೀಕರ್‌ಗೆ ಹಾಕಿ. ಸ್ಟಾರ್, ಹ್ಯಾಶ್ ಇರುವ ಯಾವ ನಂಬರನ್ನೂ ಒತ್ತಬೇಡಿ, ಅದು ನಿಮ್ಮ ಕರೆಗಳನ್ನೇ ಬೇರೆಡೆಗೆ ತಿರುಗಿಸುವ ಆಟ ಇರಬಹುದು. ‘ನಂಬರ್ ನೆನಪಿಲ್ಲ’ ಅಂದರೆ ಅಷ್ಟಕ್ಕೇ ಕಳ್ಳ ಅನ್ನಬೇಡಿ. ನಿಮ್ಮ ಹೆಂಡತಿಯ ನಂಬರ್ ನಿಮಗೆ ಬಾಯಿಗೆ ಬರುತ್ತಾ?

ನಗದಿಗೂ ಫೋನ್‌ಪೇಗೂ ಸಂಬಂಧಪಟ್ಟ ಒಂದು ಹೊಸ ವರಸೆ ಇದೆ. ‘ಆಸ್ಪತ್ರೆಯಲ್ಲಿ ಕ್ಯಾಶ್ ಕೇಳ್ತಿದ್ದಾರೆ, ಎಟಿಎಂ ಕೆಲಸ ಮಾಡ್ತಿಲ್ಲ. ನಿಮಗೆ ಫೋನ್‌ಪೇ ಮಾಡ್ತೀನಿ, ನಗದು ಕೊಡಿ’ ಅಂತಾರೆ. ಇದರಲ್ಲಿ ದಾನವೂ ಇಲ್ಲ, ಸಾಲವೂ ಇಲ್ಲ, ಬರೀ ಅದಲು ಬದಲು. ನಮಗೇನು ನಷ್ಟ ಅನ್ನಿಸುತ್ತೆ. ದುಡ್ಡು ಹೋಯಿತು ಅಂತ ತೋರಿಸುವ ನಕಲಿ ಆ್ಯಪ್‌ಗಳಿವೆ, ಅವರ ಸ್ಕ್ರೀನ್ ಮೇಲೆ ಹಸಿರು ಟಿಕ್ ಬರುತ್ತೆ, ನಿಮ್ಮ ಖಾತೆಗೆ ಏನೂ ಬಂದಿರಲ್ಲ. ಅದಕ್ಕಿಂತ ಕೆಟ್ಟದ್ದು, ದುಡ್ಡು ನಿಜವಾಗಿಯೇ ಬರೋದು. ಅದು ಇನ್ನೆಲ್ಲೋ ಯಾರಿಗೋ ಆನ್‌ಲೈನ್‌ನಲ್ಲಿ ವಂಚಿಸಿದ ದುಡ್ಡಾಗಿದ್ದರೆ, ಜಾಡು ಹಿಡಿದು ಬರುವ ಪೊಲೀಸರು ನಿಮ್ಮ ಖಾತೆಯನ್ನೇ ತಡೆಹಿಡಿಸುತ್ತಾರೆ. ಬ್ಯಾಂಕಿಗೂ ಠಾಣೆಗೂ ಅಲೆಯುವವರು ನೀವು.

ಫೋನಿನಲ್ಲಿ ಬರುವ ಕಷ್ಟದ ಕಥೆಗಳ ಬಗ್ಗೆ ಜಾಸ್ತಿ ಬರೆಯಲ್ಲ, ಸೂತ್ರ ಇದೇ. ಗೆಳೆಯನ ವಾಟ್ಸಾಪ್‌ನಿಂದ ‘ಅರ್ಜೆಂಟ್, ಆಸ್ಪತ್ರೆಯಲ್ಲಿದ್ದೀನಿ’ ಅಂತ ಬಂದರೆ ಅದೇ ಗೆಳೆಯನಿಗೆ ಮಾಮೂಲಿ ಕರೆ ಮಾಡಿ ದನಿ ಕೇಳಿ, ಎಗರಿಸಿದ ಖಾತೆಯಿಂದಲೂ ಅಂಥ ಮೆಸೇಜ್ ಬರುತ್ತೆ. ಮಗುವಿನ ಫೋಟೋ, ಖಾತೆ ನಂಬರ್ ಇರುವ ಫಾರ್ವರ್ಡ್ ಬಂದರೆ ಆಸ್ಪತ್ರೆಯ ನಂಬರನ್ನು ನೀವೇ ಹುಡುಕಿ ಕರೆ ಮಾಡಿ, ಮೆಸೇಜಿನಲ್ಲಿ ಕೊಟ್ಟ ನಂಬರಿಗಲ್ಲ. ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಮಾತು. ಅಲ್ಲಿ ಪೆಟ್ರೋಲ್ ಬಂಕ್‌ಗಳಲ್ಲಿ, ಹೆದ್ದಾರಿ ಬದಿಯಲ್ಲಿ ಒಳ್ಳೆಯ ಕಾರಿನಲ್ಲಿ ಬಂದ ಕುಟುಂಬವೊಂದು ‘ದುಬೈನಿಂದ ಬಂದಿದ್ದೇವೆ, ಪರ್ಸ್ ಹೋಯಿತು, ಈ ಉಂಗುರ ಇಟ್ಟುಕೊಂಡು ಪೆಟ್ರೋಲಿಗೆ ಕೊಡಿ’ ಅನ್ನೋದು ಈಗ ಮಾಮೂಲು. ಹಲವು ಊರುಗಳ ಪೊಲೀಸರು ಎಚ್ಚರಿಕೆ ಕೊಟ್ಟಿದ್ದಾರೆ. ಉಂಗುರ ಹಿತ್ತಾಳೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಇನ್ನು ಮೇಲೆ ಯಾರಿಗೂ ಕೊಡಬಾರದಾ?

ಕೊಡಿ ಸ್ವಾಮಿ. 2020ರ ಮೇ ತಿಂಗಳಲ್ಲಿ ಇದೇ ಮೆಜೆಸ್ಟಿಕ್‌ನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕಟ್ಟಡ ಕೆಲಸದವರು ಮಕ್ಕಳು ಮರಿ ಕಟ್ಟಿಕೊಂಡು, ತಲೆ ಮೇಲೆ ಗಂಟು ಹೊತ್ತು ನಿಂತಿದ್ದನ್ನು ಊರೆಲ್ಲ ನೋಡಿದೆ. ಟಿಕೆಟ್ ದುಡ್ಡು ಕೇಳಿದ್ದಕ್ಕೆ ಗಲಾಟೆ ಆಗಿ, ಆಮೇಲೆ ಸರ್ಕಾರ ಕೆಲವು ದಿನ ಉಚಿತವಾಗಿ ಕಳಿಸಿತು. ಮೇಸ್ತ್ರಿ ಕೂಲಿ ಕೊಡದೆ ಓಡಿಹೋಗೋದು ಬರೀ ಕಟ್ಟುಕಥೆಯಲ್ಲ, ದಿನಾ ನಡೆಯುತ್ತೆ. ‘ಕಂಟ್ರಾಕ್ಟರ್ ದುಡ್ಡು ಕೊಡಲಿಲ್ಲ, ಮಕ್ಕಳು ಊಟ ಮಾಡಿಲ್ಲ’ ಅಂತ ಕಸುಬಿನವರು ಹೇಳೋದೂ, ನಿಜವಾಗಿ ಮೋಸ ಹೋದವರು ಹೇಳೋದೂ ಅಕ್ಷರ ಅಕ್ಷರ ಒಂದೇ. ಸುಳ್ಳಿಗೆ ಬೆಲೆ ಬಂದಿರೋದೇ ಹಿಂದೆ ನಿಜ ಇರೋದರಿಂದ. ಈ ಕಸುಬಿನವರ ಮೇಲೆ ನನಗೆ ಸಿಟ್ಟಿರೋದೂ ಅದಕ್ಕೇ. ನಿಮ್ಮ 1,500 ಹೋದದ್ದು ಹಾಗಿರಲಿ, ಮುಂದೆ ನಿಮ್ಮೆದುರು ಬರುವ ನಿಜವಾದ ಬಡಪಾಯಿಯ ಪಾಲನ್ನೂ ಅವರು ತಿಂದಿದ್ದಾರೆ.

ನಾನು ಪರಿಚಯದವರಿಗೆ ಹೇಳೋದು ಇಷ್ಟು. ತಿಂಗಳಿಗೆ ನಿಮ್ಮ ಕೈಲಾದಷ್ಟು ಒಂದು ಮೊತ್ತ ತೆಗೆದಿಡಿ. ಅದರ ಬಹುಪಾಲು ಕಣ್ಣೆದುರಿಗೆ ಇರುವವರಿಗೆ ಹೋಗಲಿ. ಮನೆಗೆಲಸದ ಅಕ್ಕನ ಮಗಳ ಕಾಲೇಜು ಫೀಸು, ನೀವು ಓದಿದ ಸರ್ಕಾರಿ ಶಾಲೆ, ಗೊತ್ತಿರುವ ದಾಸೋಹ. ಅಲ್ಲಿ ಕಥೆ ಕೇಳುವ ಅಗತ್ಯವೇ ಇಲ್ಲ. ಉಳಿದ ಚಿಕ್ಕ ಪಾಲು ರಸ್ತೆಗೆ. ರಸ್ತೆಯಲ್ಲಿ ಹತ್ತೋ ಇಪ್ಪತ್ತೋ ಕೊಟ್ಟರೆ ಕೊಟ್ಟು ಮರೆತುಬಿಡಿ. ಅಷ್ಟಕ್ಕೆ ಸತ್ಯ ಪರೀಕ್ಷೆ ಬೇಡ. ದೊಡ್ಡ ಮೊತ್ತ ಕೇಳಿದರೆ ಮಾತ್ರ ಮೇಲೆ ಹೇಳಿದ ದಾರಿ: ವಸ್ತು, ಊಟ, ಟಿಕೆಟ್, ಕೌಂಟರ್. ಚಿಕ್ಕ ಮಕ್ಕಳು ಬೇಡಲು ಬಂದರೆ ಮಾತ್ರ ಕೈಗೆ ಒಂದು ಪೈಸೆಯನ್ನೂ ಕೊಡಬೇಡಿ. ಮಗುವಿನ ಕೈಗೆ ಬಂದ ದುಡ್ಡು ಮಗುವಿನ ಹತ್ತಿರ ಉಳಿಯಲ್ಲ. 1098ಕ್ಕೆ ಕರೆ ಮಾಡಿ, ಮಕ್ಕಳ ಸಹಾಯವಾಣಿ ಅದು. ಅಂದಹಾಗೆ, ನಿಮಗೆ ಸ್ವಂತ ಮನೆ ಇದ್ದು ಕಂದಾಯ ಕಟ್ಟುತ್ತಿದ್ದರೆ ರಸೀದಿ ತೆಗೆದು ನೋಡಿ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಕರ ಅಂತ ಕಟ್ಟುತ್ತಿದ್ದೀರಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ನಡೆಯುವ, ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವಂಥ ನಿರಾಶ್ರಿತರ ಕೇಂದ್ರಗಳಿಗೆ ಹೋಗಬೇಕಾದ ದುಡ್ಡು ಅದು. ಹಾಗಾಗಿ ನೀವು ಏನೂ ಕೊಡದ ತಿಂಗಳೂ ಕೊಟ್ಟೇ ಇರುತ್ತೀರಿ.

‘ಟಿಕೆಟ್ ನಾನೇ ತೆಗೆಸ್ತೀನಿ ಬನ್ನಿ’ ಅಂದಮೇಲೆ ಏನಾಗುತ್ತೆ ಅಂತ ಕುತೂಹಲ ಇರಬಹುದು. ಕೆಲವರು ‘ಬೇಡ ಬಿಡಿ ಸಾರ್, ಬೇರೆಯವರನ್ನು ಕೇಳ್ತೀನಿ’ ಅಂತ ಮೆಲ್ಲಗೆ ಜಾರುತ್ತಾರೆ. ಕೆಲವರು ರೇಗುತ್ತಾರೆ: ‘ನಮ್ಮನ್ನೇನು ಕಳ್ಳರು ಅಂದ್ಕೊಂಡ್ರಾ?’ ಆ ಸಿಟ್ಟಿಗೆ ಹೆದರಿ ಎಷ್ಟೋ ಜನ ಪರ್ಸ್ ತೆಗೆಯುತ್ತಾರೆ. ನೀವು ತೆಗೆಯಬೇಡಿ. ‘ಅಷ್ಟು ಮಾತ್ರ ನನ್ನ ಕೈಲಾಗೋದು ಅಣ್ಣಾ’ ಅಂತ ಒಂದೇ ಮಾತು ಹೇಳಿ. ವಾದ ಮಾಡಬೇಡಿ, ಸುಳ್ಳು ಅಂತ ಎತ್ತಿ ಆಡಲೂಬೇಡಿ. ನಿಜವಾದವರಿಗೂ ಮುಜುಗರ ಆಗುತ್ತೆ, ಆದರೆ ಬಸ್ಸಿನ ಹತ್ತಿರ ಬರುತ್ತಾರೆ. ನಿಮಗೆ ಸಮಯ ಇಲ್ಲದಿದ್ದರೆ ನಿಲ್ದಾಣದ ಪೊಲೀಸ್ ಚೌಕಿ ತೋರಿಸಿ, ರೈಲು ನಿಲ್ದಾಣದಲ್ಲಾದರೆ 139ಕ್ಕೆ ಕರೆ ಮಾಡಿ ಅನ್ನಿ. ಪರ್ಸ್ ಕಳೆದುಕೊಂಡವರು ಹೇಗಿದ್ದರೂ ದೂರು ಕೊಡಲೇಬೇಕು, ಕಾರ್ಡುಗಳಿಗಾದರೂ ಬೇಕು. ಠಾಣೆ ಅಂದ ತಕ್ಷಣ ಕಾಲು ಹಿಂದೆ ಸರಿದರೆ ಅದಕ್ಕೆ ಎರಡು ಕಾರಣ ಇರಬಹುದು. ಸುಳ್ಳು ಒಂದು. ನಮ್ಮ ಠಾಣೆಗಳ ಮೇಲಿನ ಭಯ ಇನ್ನೊಂದು, ಬಡವರಿಗೆ ಅದು ಇರೋದು ಸಹಜ. ಹಾಗಾಗಿ ಅದೊಂದನ್ನೇ ಹಿಡಿದು ತೀರ್ಮಾನ ಮಾಡಬೇಡಿ.

ಇನ್ನು ದೂರಿನ ವಿಷಯ. ಆ ದಂಪತಿ ಮತ್ತೆ ಕಂಡರೆ ಕಾಲರ್ ಹಿಡಿಯೋಕೆ ಹೋಗಬೇಡಿ, ‘ಕಳ್ಳ, ಕಳ್ಳ’ ಅಂತ ಕೂಗಬೇಡಿ. ಫೋಟೋ ತೆಗೆದು ಗ್ರೂಪುಗಳಿಗೆ ಹಾಕಬೇಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳ ಅನ್ನುವ ವಾಟ್ಸಾಪ್ ವದಂತಿ ನಂಬಿದ ಗುಂಪು ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಎರಡು ತಿಂಗಳಾದ ಮೇಲೆ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಹೈದರಾಬಾದ್‌ನ ಒಬ್ಬ ಎಂಜಿನಿಯರ್‌ಗೆ ಅದೇ ಗತಿ ಆಯಿತು. ಗುಂಪು ಸೇರಿದಮೇಲೆ 1,500 ರೂಪಾಯಿಯ ಮೋಸ ಯಾವುದು, ಇನ್ನೊಂದು ಯಾವುದು ಅಂತ ಯಾರೂ ನೋಡಲ್ಲ. ಪಕ್ಕಕ್ಕೆ ಸರಿದು 112ಕ್ಕೆ ಕರೆ ಮಾಡಿ, ಇಲ್ಲವೇ ನಿಲ್ದಾಣದ ಪೊಲೀಸರಿಗೆ ತೋರಿಸಿ. ಅವರು ಮಾತಾಡಿಸುತ್ತಿದ್ದ ಹುಡುಗನಿಗೆ ಬೇಕಾದರೆ ‘ನನಗೂ ಇದೇ ಹೇಳಿದ್ದರು, ಟಿಕೆಟ್ ತೆಗೆಸಿಕೊಡಿ, ದುಡ್ಡು ಬೇಡ’ ಅಂತ ಮೆಲ್ಲಗೆ ಹೇಳಬಹುದು. ಮುಂದಿನ ಸಲ ಬಾಯಿ ಬರುತ್ತೆ ಬಿಡಿ.

ದೂರು ಕೊಟ್ಟರೆ 1,500 ವಾಪಸ್ ಬರುತ್ತಾ? ಬರೋದು ಕಷ್ಟ. ನೀವೇ ಇಷ್ಟಪಟ್ಟು ಕಳಿಸಿದ ದುಡ್ಡು ಅಂತ ಬ್ಯಾಂಕ್ ಹೇಳುತ್ತೆ. ಆದರೂ ಕೊಡಿ. ಸುಳ್ಳು ಹೇಳಿ ನಂಬಿಸಿ ದುಡ್ಡು ಕೀಳೋದು ವಂಚನೆ. ಹಿಂದೆ ಐಪಿಸಿ 420 ಅಂತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್‌ಗೆ ಬಂದಿದೆ. ನಗದು ಕೊಟ್ಟವರ ಹತ್ತಿರ ಸಾಕ್ಷಿ ಇರಲ್ಲ. ನಿಮ್ಮ ಹತ್ತಿರ ಇದೆ, ಅದೇ ನಿಮ್ಮ ಅದೃಷ್ಟ. ಫೋನ್‌ಪೇ ಹಿಸ್ಟರಿ ತೆರೆದು ಆ ಪಾವತಿ ಒತ್ತಿ. ಪಡೆದವರ ಹೆಸರು, ಯುಪಿಐ ಐಡಿ, ಯುಟಿಆರ್ ಅಂತ 12 ಅಂಕಿಯ ಒಂದು ನಂಬರ್ ಇರುತ್ತೆ. ಸ್ಕ್ರೀನ್‌ಶಾಟ್ ತೆಗೆದುಕೊಂಡು, ದಿನ, ಸಮಯ, ಜಾಗ ಬರೆದು, ಎರಡನೇ ಸಲ ಕಂಡದ್ದನ್ನೂ ಸೇರಿಸಿ ಮೆಜೆಸ್ಟಿಕ್ ವ್ಯಾಪ್ತಿಯ ಠಾಣೆಗೆ ಕೊಡಿ. ಸ್ವೀಕೃತಿ ಕೇಳಿ ಪಡೆಯಿರಿ. ಒಬ್ಬರ ದೂರಿಗೆ ಯಾರೂ ಓಡೋಡಿ ಬರಲ್ಲ. ಅದೇ ಯುಪಿಐ ಐಡಿ ಮೇಲೆ ನಾಲ್ಕಾರು ದೂರು ಬಿದ್ದರೆ ಖಾತೆ ಯಾರದ್ದು ಅಂತ ನೋಡಲೇಬೇಕಾಗುತ್ತೆ. ಪೂರ್ತಿ ಆನ್‌ಲೈನ್‌ನಲ್ಲೇ ನಡೆದ ಮೋಸವಾದರೆ ಠಾಣೆಗೆ ಹೋಗುವ ಮೊದಲೇ 1930ಕ್ಕೆ ಕರೆ ಮಾಡಬೇಕು. ದುಡ್ಡು ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯೋಕೆ ಅಲ್ಲಿ ನಿಮಿಷಗಳ ಲೆಕ್ಕ.

ಕೊನೆಯದಾಗಿ, ನಿಮ್ಮ ಹೆಸರು, ನಂಬರ್ ಈಗ ಅವರ ಹತ್ತಿರ ಇದೆ. ಕೇಳಿದರೆ ಕೊಡುವವರು ಅನ್ನೋದೂ ಗೊತ್ತಿದೆ. ಇನ್ನೊಂದು ದಿನ ‘ಸಾರ್, ನಿಮ್ಮ ದುಡ್ಡು ವಾಪಸ್ ಹಾಕ್ತಿದ್ದೀನಿ, ಒಂದು ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂತ ಫೋನ್ ಬರಬಹುದು. ಯುಪಿಐನಲ್ಲಿ ನಮ್ಮ ದುಡ್ಡು ಹೊರಗೆ ಹೋಗೋಕೆ ಪಿನ್ ಒತ್ತಬೇಕು, ಬರೋಕೆ ಬೇಡ. ಪಿನ್ ಅಂದರೆ ಸುಮ್ನೆ ಫೋನ್ ಇಟ್ಟುಬಿಡಿ. ದೂರು ಕೊಟ್ಟಾದ ಮೇಲೆ ಆ ನಂಬರ್ ಬ್ಲಾಕ್ ಮಾಡಿ, ಆದರೆ ಚಾಟ್, ಕರೆಗಳ ಪಟ್ಟಿ ಅಳಿಸಬೇಡಿ, ಠಾಣೆಯವರು ಕೇಳಬಹುದು.